ಶಾಲೆಯಿಂದ ಸೆರೆಮನೆಗೆ

1947ರ ಅಕ್ಟೋಬರ್‌ನಲ್ಲಿ ‘ಮೈಸೂರು ಚಲೋ’ ಚಳವಳಿ ಫಲ ನೀಡಿ, ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಜನರೂ ಸೇರಿದಂತೆ ಮೈಸೂರು ಸಂಸ್ಥಾನದ ಪ್ರಜೆಗಳಿಗೆ ಜವಾಬ್ದಾರಿ ಸರ್ಕಾರ ದೊರೆಯಿತು. ಆದರೆ ಕಲಬುರಗಿ, ರಾಯಚೂರು, ಬೀದರ್‌ಗಳ ಕನ್ನಡಿಗರಿಗೆ ಆಗಿನ್ನೂ ಸ್ವಾತಂತ್ರ್ಯ ಬಂದಿರಲಿಲ್ಲ. ಹೈದರಾಬಾದಿನ ನಿಜಾಮ ಭಾರತ ಒಕ್ಕೂಟ ಸೇರಲು ಒಪ್ಪಿರಲಿಲ್ಲ. ಅಲ್ಲಿನ ಸ್ಟೇಟ್ ಕಾಂಗ್ರೆಸ್ಸಿನ ನಾಯಕ ಸೆರೆಮನೆಯಲ್ಲಿದ್ದರು. ಅವರು ಒಂದು ಕಾಲದಲ್ಲಿ ಹಳ್ಳಿ ಶಾಲೆಯ ಮೇಷ್ಟ್ರಾಗಿದ್ದವರು.

ಸ್ವಾಮಿ ರಾಮಾನಂದ ತೀರ್ಥರ ಪೂರ್ವಾಶ್ರಮದ ಹೆಸರು ವೆಂಕಟೇಶ ಖೇಡಗೀಕರ. 1903ರಲ್ಲಿ ಸಿಂದಗಿಯಲ್ಲಿ ಹುಟ್ಟಿದ ಅವರು, ಕಾರ್ಮಿಕ ನಾಯಕ ಎನ್.ಎಂ. ಜೋಶಿಯವರ ಬಳಿ ಕೆಲಸ ಮಾಡಿ, ಬಳಿಕ ಉಸ್ಮಾನಾಬಾದ್ ಜಿಲ್ಲೆಯ ಹಿಪ್ಪರಗಾ ಗ್ರಾಮದ ರಾಷ್ಟ್ರೀಯ ಶಾಲೆಯ ಮುಖ್ಯೋಪಾಧ್ಯಾಯರಾದರು.

ಹಳ್ಳಿಯ ಶಾಲೆಯೊಂದಕ್ಕೆ ದೊರೆತನ ಹೆದರುವುದೇಕೆ? ಸಂಸ್ಥಾನದ ಬಹುಪಾಲು ಜನರ ಮಾತು ತೆಲುಗು, ಮರಾಠಿ, ಕನ್ನಡ. ಉನ್ನತ ಶಿಕ್ಷಣ, ಆಡಳಿತದ ಭಾಷೆ ಉರ್ದು. ಖಾಸಗಿ ಶಾಲೆ ತೆರೆಯಲು ಸರ್ಕಾರದ ಅನುಮತಿ ಬೇಕಿತ್ತು. ಸಭೆ ಸೇರುವುದಕ್ಕೂ ನಿರ್ಬಂಧಗಳಿದ್ದವು. ಇಂಥ ಕಡೆ ತಾಯ್ನುಡಿಯ ಪಾಠವೇ ರಾಜಕೀಯವಾಗುತ್ತಿತ್ತು.

1938ರಲ್ಲಿ ಸ್ಟೇಟ್ ಕಾಂಗ್ರೆಸ್ ಹುಟ್ಟುವ ಮೊದಲೇ ನಿಷೇಧಕ್ಕೊಳಗಾಯಿತು. ಸತ್ಯಾಗ್ರಹಕ್ಕಿಳಿದ ಸ್ವಾಮೀಜಿ ಜೈಲು ಸೇರಿದರು. ನಿಷೇಧ ತೆರವಾದದ್ದು 1946ರಲ್ಲಿ. ಮರುವರ್ಷ ಆಗಸ್ಟ್ 15ರಂದು, ದೇಶವೆಲ್ಲ ಬಾವುಟ ಹಾರಿಸುತ್ತಿದ್ದಾಗ, ಅವರು ಮತ್ತೆ ಬಂಧಿತರಾದರು. ನವೆಂಬರ್‌ನಲ್ಲಿ ಬಿಡುಗಡೆ, 1948ರ ಜನವರಿಯಲ್ಲಿ ಮತ್ತೆ ಸೆರೆ.

ಹೊರಗೆ ಖಾಸಿಂ ರಜ್ವಿಯ ರಜಾಕಾರರ ದಾಳಿಗೆ ಹಳ್ಳಿಗಳು ತತ್ತರಿಸಿದ್ದವು. ಎದುರಿಸಲು ಗಡಿ ಶಿಬಿರಗಳಲ್ಲಿ ಯುವಕರು ಬಂದೂಕು ಹಿಡಿದರು. ತೆಲಂಗಾಣದಲ್ಲಿ ರೈತರ ಸಶಸ್ತ್ರ ಹೋರಾಟವೂ ನಡೆದಿತ್ತು. ಸಂಸ್ಥಾನ ಅಂತರ್ಯುದ್ಧದ ಸ್ಥಿತಿ ತಲುಪಿತ್ತು. ಸೆಪ್ಟೆಂಬರ್ 13ರಂದು ಭಾರತೀಯ ಸೇನೆ ಒಳನುಗ್ಗಿತು. 17ರಂದು ನಿಜಾಮ ಶರಣಾದ. ಸ್ವಾಮೀಜಿ ಹೊರಬಂದರು. ಆದರೆ ನಂತರದ ಪ್ರತೀಕಾರದಲ್ಲಿ ಸಾವಿರಾರು ಮುಸ್ಲಿಮರು ಬಲಿಯಾದರು. ವಿಮೋಚನೆಯ ಕಥೆ ಹೇಳುವಾಗ ಈ ನೋವನ್ನೂ ಮರೆಯುವಂತಿಲ್ಲ.

1952ರಲ್ಲಿ ಕಲಬುರಗಿ ಅವರನ್ನು ಲೋಕಸಭೆಗೆ ಕಳುಹಿಸಿತು. ಹೈದರಾಬಾದ್ ರಾಜ್ಯವನ್ನು ಭಾಷಾವಾರು ವಿಂಗಡಿಸಬೇಕೆಂಬುದು ಅವರ ನಿಲುವಾಗಿತ್ತು. 1956ರ ನವೆಂಬರ್ 1ರಂದು ಅದು ನೆರವೇರಿ, ಕಲಬುರಗಿಯೂ ಹಾಸನವೂ ಒಂದೇ ರಾಜ್ಯಕ್ಕೆ ಸೇರಿದವು. 1972ರಲ್ಲಿ ಅವರು ತೀರಿಕೊಂಡರು.

ತಾಯ್ನುಡಿಯಲ್ಲಿ ಕಲಿಯುವುದು ಇಂದು ನಮಗೆ ಸಹಜ ಹಕ್ಕು. ಅದೇ ನಾಡಿನ ಇನ್ನೊಂದು ತುದಿಯಲ್ಲಿ, ಆ ಹಕ್ಕಿನ ದಾರಿ ಜೈಲಿನ ಮೂಲಕವೇ ಸಾಗಿಬಂದಿತ್ತು.