ಹೆಳವನಕಟ್ಟೆ ಗಿರಿಯಮ್ಮ: ಹಾಡಿನಲ್ಲಿ ಉಳಿದ ಬದುಕು

ಹೊನ್ನಾಳಿ ತಾಲ್ಲೂಕಿನ ಕಮ್ಮಾರಗಟ್ಟೆಯ ಬಳಿ ತುಂಗಭದ್ರೆಯಲ್ಲಿ ಹರಿದಾಸ ಪರಂಪರೆಯ ಹಾಡುಗಾರ್ತಿ ಗಿರಿಯಮ್ಮ ದೇಹ ಬಿಟ್ಟಳೆಂಬುದು ಈ ಸೀಮೆಯವರ ನಂಬಿಕೆ. ಹುಟ್ಟಿದ್ದು ರಾಣೇಬೆನ್ನೂರು, ಮದುವೆಯಾಗಿ ಬಂದದ್ದು ಮಲೇಬೆನ್ನೂರು. ಆಕೆಯ ಹಾಡುಗಳಿಗೆ ಅಂಕಿತವಾಗಿರುವ ಹೆಳವನಕಟ್ಟೆ ರಂಗನ ಗುಡಿ ಇರುವುದು ಮಲೇಬೆನ್ನೂರಿನ ಪಕ್ಕದ ಕೊಮಾರನಹಳ್ಳಿಯ ಕೆರೆ ದಂಡೆಯಲ್ಲಿ. ಒಂದೆರಡು ದಿನದ ಕಾಲ್ನಡಿಗೆಯೊಳಗೆ ಮುಗಿಯುವ ಈ ಹರವನ್ನು ಮುಂದೆ ಆಡಳಿತದ ಗಡಿಗಳು ಹರಿದು ಹಂಚಿದವು. ರಾಣೇಬೆನ್ನೂರು ಮುಂಬೈ ಪ್ರಾಂತ್ಯದ ಧಾರವಾಡ ಜಿಲ್ಲೆಗೆ ಸೇರಿತು. ಮಲೇಬೆನ್ನೂರು ಚಿತ್ರದುರ್ಗದ ಪಾಲಾಯಿತು. ಹೊನ್ನಾಳಿ, ಚನ್ನಗಿರಿಗಳು ಶಿವಮೊಗ್ಗದಲ್ಲಿ ಉಳಿದವು. 1997ರಲ್ಲಿ ದಾವಣಗೆರೆ ಜಿಲ್ಲೆ ಆಗುವವರೆಗೂ ಮಲೇಬೆನ್ನೂರು ಮತ್ತು ಕಮ್ಮಾರಗಟ್ಟೆ ಬೇರೆ ಬೇರೆ ಜಿಲ್ಲೆಗಳ ಊರುಗಳು. ಜಿಲ್ಲಾವಾರು ಬರೆದ ಸಾಹಿತ್ಯಚರಿತ್ರೆಗಳಲ್ಲಿ ಆಕೆಯನ್ನು ನಮ್ಮವಳೆಂದು ಪೂರ್ತಿಯಾಗಿ ಹೇಳಿಕೊಳ್ಳುವವರು ಇಲ್ಲದೆ ಹೋದದ್ದಕ್ಕೆ ಇದೂ ಒಂದು ಕಾರಣವೆಂದು ನನಗೆ ತೋರುತ್ತದೆ.

ಆಕೆಯ ಚರಿತ್ರೆಯೆಂದು ನಮಗೆ ದಕ್ಕಿರುವುದು ಹೆಚ್ಚಾಗಿ ಐತಿಹ್ಯ. ತಂದೆ ಬಿಷ್ಟಪ್ಪ ಜೋಯಿಸರು, ತಾಯಿ ತುಂಗಮ್ಮ. ಬಹುಕಾಲ ಮಕ್ಕಳಿಲ್ಲದೆ ತಿರುಪತಿಯ ತಿಮ್ಮಪ್ಪನಿಗೆ ಹರಕೆ ಹೊತ್ತು ಪಡೆದ ಮಗಳು. ಗಂಡ ತಿಪ್ಪರಸ. ಸಂಸಾರದಲ್ಲಿ ಮನಸ್ಸಿಲ್ಲದ ಗಿರಿಯಮ್ಮ ತಾನೇ ಮುಂದೆ ನಿಂತು ಗಂಡನಿಗೆ ಇನ್ನೊಂದು ಮದುವೆ ಮಾಡಿಸಿ, ರಂಗನಾಥನ ಸೇವೆಗೆ ಹೊರಟಳೆಂದು ಹೇಳುತ್ತಾರೆ. ಈ ಕಥನದ ಪವಾಡಗಳನ್ನು ಬದಿಗಿಟ್ಟರೂ ಒಂದು ಸಂಗತಿ ಗಟ್ಟಿಯಾಗಿ ಉಳಿಯುತ್ತದೆ. ಹದಿನೆಂಟನೆಯ ಶತಮಾನದ ಹೆಣ್ಣುಮಗಳೊಬ್ಬಳು ಗಂಡನ ಮನೆಯ ಹೊಣೆಯಿಂದ ಬಿಡಿಸಿಕೊಂಡು, ಹಾಡು ಕಟ್ಟುವುದನ್ನೇ ಬಾಳಾಗಿಸಿಕೊಂಡಿದ್ದಳು.

ಕಾಲನಿರ್ಣಯಕ್ಕೆ ಸಂಪ್ರದಾಯವೇ ಎರಡು ಹಿಡಿಗಳನ್ನು ಕೊಡುತ್ತದೆ. ಒಂದು, ರಾಘವೇಂದ್ರ ಮಠದ ಸುಮತೀಂದ್ರ ತೀರ್ಥರ ಅನುಗ್ರಹ ಆಕೆಗಿತ್ತೆಂಬುದು. ಅವರು ಪೀಠದಲ್ಲಿದ್ದದ್ದು 1725ರವರೆಗೆ. ಇನ್ನೊಂದು, ವಿಜಯದಾಸರ ಶಿಷ್ಯರಾದ ಗೋಪಾಲದಾಸರಿಂದ ಅಂಕಿತ ಸಿಕ್ಕಿತೆಂಬುದು. ಆದರೆ ಗೋಪಾಲದಾಸರು ಹುಟ್ಟಿದ್ದೇ 1721ರ ಸುಮಾರಿಗೆ ಎನ್ನುತ್ತಾರೆ. ಎರಡೂ ನಿಜವೆಂದು ಒಪ್ಪಿದರೆ, ಸುಮತೀಂದ್ರರನ್ನು ಕಾಣುವಾಗ ತರುಣಿಯಾಗಿದ್ದ ಗಿರಿಯಮ್ಮ, ಅಂಕಿತ ಪಡೆಯುವ ಹೊತ್ತಿಗೆ ನಡುವಯಸ್ಸು ಮುಟ್ಟಿದವಳು. ಹಾಗಿದ್ದರೆ ದೀಕ್ಷೆ ಆದಮೇಲೆ ಹಾಡು ಹುಟ್ಟಿತು ಎಂಬ ರೂಢಿಯ ನಿರೂಪಣೆ ನಿಲ್ಲುವುದಿಲ್ಲ. ಹಾಡುವ ಕಸುಬು ಮೊದಲೇ ಕೈಗೂಡಿತ್ತು, ಗುರುವಿನ ಮುದ್ರೆ ಬಹಳ ತಡವಾಗಿ ಬಂತು ಎಂಬುದೇ ನನಗೆ ಹೆಚ್ಚು ಸರಿಯೆನಿಸುತ್ತದೆ.

ಹಾಗಾದರೆ ಈ ಕಸುಬು ಎಲ್ಲಿಂದ ಬಂತು? ಉತ್ತರವನ್ನು ಮಠದ ಪರಂಪರೆಗಿಂತ ಆಕೆಯ ಕಥನಗೀತಗಳಲ್ಲಿ ಹುಡುಕಬೇಕು. ಸೀತಾಕಲ್ಯಾಣ, ಬ್ರಹ್ಮಕೊರವಂಜಿ, ಶಂಕರಗಂಡನ ಹಾಡು, ಚಂದ್ರಹಾಸನ ಕಥೆ, ಉದ್ದಾಲಿಕನ ಕಥೆ, ಲವಕುಶರ ಕಥೆ ಆಕೆಯ ಹೆಸರಿನಲ್ಲಿವೆ. ಇವುಗಳಲ್ಲಿ ಕೊನೆಯ ಮೂರಕ್ಕೂ ಜೈಮಿನಿ ಭಾರತದ ನಂಟಿದೆ. ಕಡೂರು ಸೀಮೆಯ ದೇವನೂರಿನ ಲಕ್ಷ್ಮೀಶನ ಈ ಕಾವ್ಯವನ್ನು ಗಮಕಿಗಳು ಊರೂರಿನ ಗುಡಿಯಲ್ಲಿ, ಜಗುಲಿಯಲ್ಲಿ ಓದಿ ಅರ್ಥ ಹೇಳುತ್ತಿದ್ದರು. ವಾರ್ಧಕ ಷಟ್ಪದಿಯ ಆ ಬಿಗಿ ಹೆಂಗಸರ ಬಾಯಿಗೆ ಹೊಂದುವಂಥದಲ್ಲ. ಗಿರಿಯಮ್ಮ ಆ ಕಥೆಗಳನ್ನು ಆಡುನುಡಿಗೆ ಇಳಿಸಿ, ಹಸೆಯ ಮುಂದೆ, ಆರತಿಯ ಹೊತ್ತಿನಲ್ಲಿ, ವ್ರತದ ಮನೆಯಲ್ಲಿ ಒಬ್ಬರು ಎತ್ತಿಕೊಟ್ಟರೆ ಉಳಿದವರು ಹಿಂದೆ ಹಾಡಬಹುದಾದ ಧಾಟಿಗೆ ತಂದಳು.

ಆರಿಸಿಕೊಂಡ ಕಥೆಗಳೂ ಗಮನ ಸೆಳೆಯುತ್ತವೆ. ಚಂದ್ರಹಾಸನನ್ನು ಕೊಲ್ಲಿಸಲು ಮಂತ್ರಿ ದುಷ್ಟಬುದ್ಧಿ ಮಗನಿಗೆ ಓಲೆ ಬರೆದು, ಆ ಹುಡುಗನ ಕೈಯಲ್ಲೇ ಕಳಿಸುತ್ತಾನೆ. ಇವನಿಗೆ ವಿಷವನ್ನು ಕೊಡು ಎಂಬುದು ಓಲೆಯ ಆಣತಿ. ತೋಟದಲ್ಲಿ ಮಲಗಿದ್ದ ಚಂದ್ರಹಾಸನನ್ನು ಕಂಡು ಮನಸೋತ ಮಂತ್ರಿಯ ಮಗಳು ವಿಷಯೆ ಓಲೆ ಬಿಚ್ಚಿ ಓದುತ್ತಾಳೆ; ಕಣ್ಣ ಕಾಡಿಗೆಯಿಂದ ಅಕ್ಷರ ತಿದ್ದಿ ತನ್ನನ್ನೇ ಕೊಡುವಂತೆ ಮಾಡುತ್ತಾಳೆ. ಓದು ಬರಹ ಬಲ್ಲ ಹುಡುಗಿಯೊಬ್ಬಳು ತಂದೆಯ ಆಜ್ಞೆಯನ್ನು ತಿದ್ದಿ ಒಂದು ಜೀವ ಉಳಿಸುವ ಕಥೆ ಇದು. ಉದ್ದಾಲಕನ ಹೆಂಡತಿ ಚಂಡಿಯಂತೂ ಗಂಡ ಹೇಳಿದ್ದಕ್ಕೆಲ್ಲ ತಿರುಗಾಮುರುಗಾ ನಡೆಯುವವಳು. ಆತ ಉಪಾಯವಾಗಿ ಎಲ್ಲವನ್ನೂ ಉಲ್ಟಾ ಹೇಳಿ ಶ್ರಾದ್ಧ ಸಾಗಿಸುತ್ತಾನೆ. ಕೊನೆಗೆ ಮೈಮರೆತು ಪಿಂಡವನ್ನು ಹೊಳೆಗೆ ಹಾಕೆಂದಾಗ ಅವಳು ಅದನ್ನು ತಿಪ್ಪೆಗೆ ಎಸೆಯುತ್ತಾಳೆ, ಶಾಪದಿಂದ ಕಲ್ಲಾಗುತ್ತಾಳೆ, ಅರ್ಜುನನ ಕೈ ಸೋಕಿ ಬಿಡುಗಡೆ ಪಡೆಯುತ್ತಾಳೆ. ಸಂಸಾರದ ಕಟ್ಟಿನಿಂದ ಹೊರಬಂದವಳು ಹೆಂಗಸರ ನಡುವೆ ಕೂತು ಹಾಡಲು ಇಂಥ ಕಥೆಗಳನ್ನೇ ಎತ್ತಿಕೊಂಡದ್ದು ಆಕಸ್ಮಿಕವೆಂದು ನಾನು ಒಪ್ಪಲಾರೆ. ತಪ್ಪಿಗೆ ಶಾಪ ಕೊಟ್ಟು ಕಥೆ ಅಲ್ಲಿಗೇ ನಿಲ್ಲುವುದಿಲ್ಲ, ವಿಮೋಚನೆಯವರೆಗೂ ಸಾಗುತ್ತದೆ.

ಹರಿದಾಸ ಸಾಹಿತ್ಯದ ವಿದ್ವತ್ತು ರಾಯಚೂರು ಭಾಗದ ದಾಸರ ಸುಳಾದಿಗಳ ತತ್ತ್ವವಿಚಾರಕ್ಕೆ ಕೊಟ್ಟ ಶ್ರಮವನ್ನು ಈ ಹಾಡುಗಬ್ಬಗಳಿಗೆ ಕೊಡಲಿಲ್ಲ. ಹೆಂಗಸರ ಹಾಡೆಂದು ಒಂದು ಸಾಲಿನಲ್ಲಿ ಮುಗಿಸಿದವರೇ ಹೆಚ್ಚು. ಆದರೆ ಅವು ಉಳಿದದ್ದೇ ಹೆಂಗಸರ ಬಾಯಿಪಾಠದಿಂದ, ಅತ್ತೆಯಿಂದ ಸೊಸೆಗೆ ದಾಟಿದ ಹಾಡಿನ ಪುಸ್ತಕಗಳಿಂದ. ಅಚ್ಚಿನ ಪ್ರತಿಯಲ್ಲಿ ಕಾಣುವ ರಾಗ, ತಾಳದ ಹೆಸರುಗಳಿಗಿಂತ ಹೊನ್ನಾಳಿ, ನ್ಯಾಮತಿ, ಚನ್ನಗಿರಿ ಕಡೆಯ ಹಳಬರ ಧಾಟಿಯನ್ನು ಧ್ವನಿಮುದ್ರಿಸಿಕೊಳ್ಳುವುದು ಸಂಶೋಧಕರಿಗೆ ಈಗ ಹೆಚ್ಚು ತುರ್ತಿನ ಕೆಲಸ.

ಗಿರಿಯಮ್ಮನಾದ ಒಂದು ಶತಮಾನದ ಮೇಲೆ, ಜಗಳೂರಿನ ನೆರೆಯ ಹರಪನಹಳ್ಳಿಯಲ್ಲಿ ಭೀಮವ್ವ ಇದೇ ಜಾಡಿನಲ್ಲಿ ನಳಚರಿತ್ರೆಯನ್ನೂ ಸುಭದ್ರಾಕಲ್ಯಾಣವನ್ನೂ ಹಾಡಾಗಿ ಕಟ್ಟಿದಳು. ಇಬ್ಬರ ಕಥೆಹಾಡುಗಳ ಮಟ್ಟು, ಪಲ್ಲವಿ, ನುಡಿಗಟ್ಟುಗಳನ್ನು ಒಟ್ಟಿಗಿಟ್ಟು ನೋಡಿದರೆ, ಈ ಸೀಮೆಯ ಹೆಂಗಸರ ಹಾಡಿನ ಪರಂಪರೆಗೆ ಗಿರಿಯಮ್ಮ ಎಷ್ಟು ಕೊಟ್ಟಳು, ಅದರಿಂದ ಎಷ್ಟು ಪಡೆದಳು ಎಂಬುದನ್ನು ಬೇರ್ಪಡಿಸಿ ತೋರಿಸಬಹುದು.