ಸಿಕ್ಕಿಕೊಂಡ ತೋಟಾ, ಒಂದು ಬಳೆ ಮತ್ತು ಇಲ್ಲದ ಹಿಡಿ

ಕೋವಿ ಅಂದಕೂಡಲೇ ನಮ್ಮಲ್ಲಿ ಬಹಳ ಜನಕ್ಕೆ ತೇಜಸ್ವಿಯವರ ಪುಸ್ತಕಗಳು ನೆನಪಾಗುತ್ತವೆ, ಇಲ್ಲವೇ ಕೊಡಗು. ನಮ್ಮ ಕಡೆಯ ಜೋಡುನಳಿಗೆ ಕೋವಿಯದ್ದು ಸರಳ ವ್ಯವಹಾರ. ಮಡಚು, ಎರಡು ತೋಟಾ ಹಾಕು, ಮುಚ್ಚು, ಹೊಡಿ. ಮತ್ತೆ ಮಡಚಿ ಖಾಲಿ ತೋಟಾ ತೆಗೆದು ಬಿಸಾಕು. ಎಲ್ಲಾ ಕೈಯದ್ದೇ ಕೆಲಸ. ಆದರೆ ಒಂದು ಈಡು ಹಾರಿದ ಕೂಡಲೇ ಖಾಲಿ ತೋಟಾವನ್ನು ತಾನೇ ಹೊರಗೆಸೆದು, ಹೊಸದನ್ನು ತಾನೇ ತುಂಬಿಕೊಳ್ಳುವ ಕೋವಿಯೂ ಇದೆಯಲ್ಲ, ಸೆಮಿ ಆಟೋಮ್ಯಾಟಿಕ್ ಶಾಟ್‌ಗನ್... ಅದರೊಳಗೆ ಆ ಕೆಲಸ ಮಾಡುವುದು ಯಾರು? ಹೊಚ್ಚ ಹೊಸ ಕೋವಿ ಎರಡನೇ ಈಡಿಗೇ ಸಿಕ್ಕಿಕೊಂಡು ಕೂತರೆ ತಪ್ಪು ಯಾರದ್ದು? ಇದಕ್ಕೆ ಉತ್ತರ ಹುಡುಕುತ್ತಾ ಹೋದರೆ ನೂರು ವರ್ಷಕ್ಕೂ ಹಳೆಯ ಕಥೆಯೊಂದು ಸಿಗುತ್ತದೆ.

ಅಮೆರಿಕದ ಯೂಟಾ ಪ್ರಾಂತ್ಯದ ಆಗ್ಡನ್ ಊರಿನವನು ಜಾನ್ ಮೋಸೆಸ್ ಬ್ರೌನಿಂಗ್ (ಹುಟ್ಟಿದ್ದು 1855). ಕೋವಿ ಹೊಡೆದಾಗ ಹೆಗಲಿಗೆ ಒದೆಯುತ್ತದಲ್ಲ, ಆ ಒದೆತ ಸುಮ್ಮನೆ ಪೋಲಾಗುತ್ತಿದೆ, ಅದನ್ನೇ ಕೆಲಸಕ್ಕೆ ಹಚ್ಚಿದರೆ ಹೇಗೆ ಅಂತ ಅವನು ಯೋಚಿಸಿದ. ಅವನ ಕೋವಿಯಲ್ಲಿ ಈಡು ಹಾರಿದೊಡನೆ ನಳಿಗೆಯೇ ಬೋಲ್ಟಿನ ಜೊತೆ ಹಿಂದಕ್ಕೆ ಸರಿಯುತ್ತದೆ. ಆಮೇಲೆ ಬೋಲ್ಟು ಹಿಂದೆಯೇ ನಿಂತು, ನಳಿಗೆ ಮಾತ್ರ ಮುಂದಕ್ಕೆ ಹೋಗುತ್ತದೆ. ಆಗ ಖಾಲಿ ತೋಟಾ ಹೊರಗೆ ಹಾರುತ್ತದೆ. ಕೊನೆಗೆ ಬೋಲ್ಟು ಹೊಸ ತೋಟಾವನ್ನು ತಳ್ಳಿಕೊಂಡು ಮುಂದೆ ಬಂದು ಬಾಗಿಲು ಮುಚ್ಚುತ್ತದೆ. ಇಷ್ಟೆಲ್ಲಾ ಕಣ್ಣು ಮಿಟುಕಿಸುವಷ್ಟರಲ್ಲಿ!

1900ರಲ್ಲಿ ಇದಕ್ಕೆ ಪೇಟೆಂಟ್ ಸಿಕ್ಕಿತು. ಅಲ್ಲಿಯವರೆಗೆ ಅವನ ಕೋವಿಗಳನ್ನು ಇಡೀ ಹಕ್ಕಿನೊಂದಿಗೆ ಕೊಂಡುಕೊಳ್ಳುತ್ತಿದ್ದ ವಿಂಚೆಸ್ಟರ್ ಕಂಪನಿಯ ಹತ್ತಿರ ಈ ಸಲ ಮಾರಿದ ಪ್ರತಿ ಕೋವಿಗೂ ರಾಯಲ್ಟಿ ಕೊಡಿ ಅಂದ. ಅವರು ಒಪ್ಪಲಿಲ್ಲ. ರೆಮಿಂಗ್ಟನ್ ಬಾಗಿಲಿಗೆ ಹೋದ. ಅಲ್ಲಿಯ ಅಧ್ಯಕ್ಷ ಮಾರ್ಸೆಲಸ್ ಹಾರ್ಟ್ಲಿಯ ಭೇಟಿಗೆ ಕಾಯುತ್ತಾ ಕೂತಿದ್ದಾಗಲೇ ಆತ ಹೃದಯಾಘಾತದಿಂದ ತೀರಿಕೊಂಡ ಸುದ್ದಿ ಬಂತು ಎನ್ನುತ್ತಾರೆ. ಅದು 1902ರ ಜನವರಿ. ಕೊನೆಗೆ ಬ್ರೌನಿಂಗ್ ಹಡಗು ಹತ್ತಿ ಬೆಲ್ಜಿಯಂನ ಎಫ್‌ಎನ್ ಕಂಪನಿಗೆ ಹೋದ. ಅವರು ಕೈಬಿಡಲಿಲ್ಲ. ಆಟೋ-5 ಎಂದು ಹೆಸರಾದ ಆ ಕೋವಿ 1998ರವರೆಗೂ ತಯಾರಾಗುತ್ತಿತ್ತು. 1905ರಿಂದ ರೆಮಿಂಗ್ಟನ್ ಕೂಡಾ ಅನುಮತಿ ಪಡೆದು ಅದನ್ನೇ ಮಾಡಿ ಮಾರಿತು.

ಈಗ ಸಿಕ್ಕಿಕೊಳ್ಳುವ ವಿಷಯಕ್ಕೆ ಬರೋಣ. ತೋಟಾಗಳೆಲ್ಲ ಒಂದೇ ಥರ ಒದೆಯುವುದಿಲ್ಲ. ಹಕ್ಕಿ ಹೊಡೆಯುವ ಹಗುರ ತೋಟಾದ ಒದೆತ ಕಡಿಮೆ, ಮದ್ದು, ಚರೆ ಹೆಚ್ಚಿರುವ ಭಾರಿ ತೋಟಾದ್ದು ಜೋರು. ಹಗುರ ತೋಟಾಗೆ ಸ್ಪ್ರಿಂಗು ಸರಿಹೊಂದಿಸಿದರೆ ಭಾರಿ ತೋಟಾ ಹೊಡೆದಾಗ ಕಬ್ಬಿಣಕ್ಕೆ ಕಬ್ಬಿಣ ಬಡಿದು ಮರ ಸೀಳುತ್ತದೆ. ಭಾರಿಗೆ ಸರಿಮಾಡಿದರೆ ಹಗುರ ತೋಟಾಗೆ ನಳಿಗೆ ಪೂರ್ತಿ ಹಿಂದೆ ಬರುವುದೇ ಇಲ್ಲ, ಖಾಲಿ ತೋಟಾ ಅಲ್ಲೇ ಕೂರುತ್ತದೆ. ಬ್ರೌನಿಂಗ್ ಇದಕ್ಕೆ ಮಾಡಿದ ಉಪಾಯ ಎರಡು ಬಳೆ, ಒಂದು ಕಂಚಿನದು, ಒಂದು ಉಕ್ಕಿನದು. ತೋಟಾ ತುಂಬುವ ಕೊಳವೆಯನ್ನು ಕಂಚಿನ ಬಳೆ ಹಿಡಿದುಕೊಂಡು ಬ್ರೇಕಿನ ಹಾಗೆ ಕೆಲಸ ಮಾಡುತ್ತದೆ. ಭಾರಿ ತೋಟಾ ಆದರೆ ಉಕ್ಕಿನ ಬಳೆಯನ್ನು ಸ್ಪ್ರಿಂಗಿಗೂ ಕಂಚಿನ ಬಳೆಗೂ ನಡುವೆ ಇಡಬೇಕು, ಬ್ರೇಕು ಬಿಗಿಯಾಗುತ್ತದೆ. ಹಗುರ ತೋಟಾ ಆದರೆ ಅದನ್ನು ತೆಗೆದು ಸ್ಪ್ರಿಂಗಿನ ಹಿಂದೆ ಹಾಕಬೇಕು, ಬ್ರೇಕು ಸಡಿಲ. ಅಷ್ಟೇ!

ತಮಾಷೆ ಅಂದರೆ "ಕೋವಿ ಕೆಟ್ಟಿದೆ" ಅಂದ ಎಷ್ಟೋ ಕಡೆ ಕೆಟ್ಟಿರುತ್ತಿದ್ದುದು ಈ ಬಳೆಯ ಜಾಗ. ಇಲ್ಲದಿದ್ದರೆ ಎಣ್ಣೆ. ಕೊಳವೆಗೆ ಧಾರಾಳವಾಗಿ ಎಣ್ಣೆ ಸುರಿದರೆ ಬ್ರೇಕು ಜಾರಿ ಹೆಗಲು ಮುರಿಯುವ ಹಾಗೆ ಒದೆಯುತ್ತದೆ, ಒಣಗಿ ತುಕ್ಕು ಹಿಡಿದರೆ ಅರ್ಧದಲ್ಲೇ ನಿಲ್ಲುತ್ತದೆ. ಆ ಕಾಲದ ಕಾಗದದ ತೋಟಾಗಳಂತೂ ತೇವ ಹೀರಿ ಊದಿಕೊಂಡು ನಳಿಗೆಯಲ್ಲೇ ಅಂಟಿಕೊಳ್ಳುತ್ತಿದ್ದವು.

ಈ ಊದಿದ ತೋಟಾಗಳೇ ಮುಂದೆ ಜೀವ ತೆಗೆದವು. ಬ್ರೌನಿಂಗನ್ನು ಬಿಟ್ಟುಕೊಟ್ಟ ವಿಂಚೆಸ್ಟರಿಗೆ ತಮ್ಮದೇ ಸೆಮಿ ಆಟೋಮ್ಯಾಟಿಕ್ ಬೇಕಾಯಿತು. ಆದರೆ ಬೋಲ್ಟನ್ನು ಎಳೆಯುವ ಹಿಡಿಯೂ ಬ್ರೌನಿಂಗಿನ ಪೇಟೆಂಟಿನಲ್ಲೇ ಇತ್ತು. ಅವರ ಎಂಜಿನಿಯರ್ ಥಾಮಸ್ ಕ್ರಾಸ್ಲಿ ಜಾನ್ಸನ್ ಆ ಹಿಡಿಯನ್ನೇ ಬಿಟ್ಟು, ನಳಿಗೆಯ ಮೇಲೆ ಒರಟು ಗೀರು ಹಾಕಿ, ನಳಿಗೆಯನ್ನೇ ಕೈಯಲ್ಲಿ ಹಿಡಿದು ಹಿಂದಕ್ಕೆ ಎಳೆಯುವ ಹಾಗೆ ಮಾಡಿದ. ಅದೇ ಮಾಡೆಲ್ 1911. ತೋಟಾ ಊದಿ ಸಿಕ್ಕಿಕೊಂಡಾಗ ಎಳೆಯಲು ಕೈಬಲ ಸಾಲದೆ ಜನ ಏನು ಮಾಡಿದರು ಗೊತ್ತೇ? ಕೋವಿಯ ಹಿಂಭಾಗವನ್ನು ನೆಲಕ್ಕೂರಿ, ನಳಿಗೆಯನ್ನು ಎರಡೂ ಕೈಯಿಂದ ಕೆಳಕ್ಕೆ ಒತ್ತಿದರು. ನಳಿಗೆಯ ಬಾಯಿ ಸೀದಾ ಮುಖಕ್ಕೆ! ಒಳಗಿದ್ದ ಈಡು ಹಾರಿ ಹಲವರು ಸತ್ತರು. ಜನ ಅದಕ್ಕೆ ಇಟ್ಟ ಹೆಸರು ವಿಡೋ ಮೇಕರ್, ಅಂದರೆ ಹೆಂಡತಿಯರನ್ನು ವಿಧವೆ ಮಾಡುವ ಕೋವಿ. 1925ರಲ್ಲಿ ಅದರ ತಯಾರಿಕೆ ನಿಂತಿತು.

ರಾಯಲ್ಟಿಯ ಜಗಳ, ಅದರಿಂದ ಇಲ್ಲವಾದ ಬೆರಳುದ್ದದ ಹಿಡಿ, ಅದರಿಂದ ಎಲ್ಲೋ ಒಬ್ಬ ಬೇಟೆಗಾರನ ಸಾವು. ಇತಿಹಾಸದ ದೊಡ್ಡ ಪುಸ್ತಕಗಳಲ್ಲಿ ಇಂಥದ್ದಕ್ಕೆ ಜಾಗ ಇರುವುದಿಲ್ಲ ಬಿಡಿ.

ಆಮೇಲೆ ಮದ್ದಿನ ಹೊಗೆಯ ಒತ್ತಡದಿಂದ ನಡೆಯುವ ಕೋವಿಗಳು ಬಂದವು. 1963ರ ರೆಮಿಂಗ್ಟನ್ 1100 ಅಂಥದ್ದು. ಅದರಲ್ಲೂ ಒಂದು ರಬ್ಬರ್ ಬಳೆ ಇದೆ. ಅದು ಹರಿದರೆ ಕೋವಿ ಮುಷ್ಕರ ಹೂಡುತ್ತದೆ :) ಹೊಸ ಕೋವಿ ತಡವರಿಸಿದರೆ ಈಗಲೂ ಹೇಳುವ ಮದ್ದು ಹಳೆಯದೇ. ಕಾರ್ಖಾನೆಯಲ್ಲಿ ಬಳಿದ ಗ್ರೀಸು ಒರೆಸು, ಕೈಪಿಡಿ ಓದು, ಬಳೆ ನೋಡು, ಮೊದಲು ಸ್ವಲ್ಪ ಭಾರಿ ತೋಟಾದಿಂದ ಪಳಗಿಸು.

ಆದರೆ ಇದೆಲ್ಲಕ್ಕಿಂತ ಮೊದಲು ನೋಡಬೇಕಾದ್ದು ಒಂದಿದೆ. ಮಾಡೆಲ್ 1911 ಹಿಡಿದು ಸತ್ತವರು ತೋಟಾ ಯಾಕೆ ಸಿಕ್ಕಿಕೊಂಡಿತು ಅಂತ ಮಾತ್ರ ಯೋಚಿಸಿದರು. ನಳಿಗೆಯ ಬಾಯಿ ಎತ್ತ ಇದೆ ಅಂತ ನೋಡಲಿಲ್ಲ.