ಕಬ್ಬಿನ ನಾಡಿನಲ್ಲಿ ಸಿಹಿಯ ಅಳತೆ



ಹೊಸಪೇಟೆಯಿಂದ ಕಮಲಾಪುರದ ಮಾರ್ಗವಾಗಿ ಹಂಪಿಗೆ ಹೋದವರೆಲ್ಲ ದೇವಾಲಯಗಳನ್ನು ನೋಡಿ ಬರುತ್ತಾರೆ. ದಾರಿಯ ಬದಿಯ ಕಾಲುವೆಗಳನ್ನು ನೋಡುವವರು ಕಡಿಮೆ. ವಿಜಯನಗರದ ಅರಸರ ಕಾಲದ ಈ ಕಾಲುವೆಗಳಲ್ಲಿ ಕೆಲವು ಇಂದಿಗೂ ನೀರುಣಿಸುತ್ತಿವೆ. ಬಾಳೆ, ಭತ್ತ, ಕಬ್ಬು ಇವುಗಳ ಮುಖ್ಯ ಬೆಳೆಗಳು. ನದಿಯಗುಂಟ ಕಂಪ್ಲಿಯವರೆಗೂ ಇದೇ ಹಸಿರು. ಈ ಕಬ್ಬಿನ ಚರಿತ್ರೆಗೂ, ಅದೇ ಊರುಗಳ ಅಂಗನವಾಡಿಯಲ್ಲಿ ಮೂರು ವರ್ಷದ ಮಗುವಿನ ಹಾಲಿನ ಲೋಟಕ್ಕೆ ಬೀಳುವ ಸಕ್ಕರೆಗೂ ಏನು ಸಂಬಂಧ? ಅರ್ಧ ಗಂಟೆಯ ಮಾತುಕತೆಯಲ್ಲಿ ವಿವರಿಸಲಾಗದ ಈ ವಿಷಯವನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ನೋಡೋಣ.

ಹಬ್ಬದ ಸಿಹಿ

ಸಕ್ಕರೆ ಎಂಬ ಪದ ಸಂಸ್ಕೃತದ ‘ಶರ್ಕರಾ’ದಿಂದ ಬಂದದ್ದು. ಅದರ ಮೊದಲ ಅರ್ಥ ಮರಳು ಅಥವಾ ಸಣ್ಣ ಹರಳು. ಈ ಪದವೇ ಪಾರಸಿ, ಅರಬ್ಬಿ ಭಾಷೆಗಳ ಮೂಲಕ ಯೂರೋಪಿಗೆ ಹೋಗಿ ‘ಶುಗರ್’ ಆಯಿತು. ‘ಖಂಡ’ ಎಂಬುದು ‘ಕ್ಯಾಂಡಿ’ ಆಯಿತು. ಕೌಟಿಲ್ಯನ ಅರ್ಥಶಾಸ್ತ್ರವು ರಾಜನ ಉಗ್ರಾಣದಲ್ಲಿ ಇರಬೇಕಾದ ಪದಾರ್ಥಗಳ ಪಟ್ಟಿಯಲ್ಲಿ ಬೆಲ್ಲ, ಖಂಡ, ಶರ್ಕರಗಳನ್ನು ಬೇರೆ ಬೇರೆಯಾಗಿ ಹೆಸರಿಸುತ್ತದೆ. ಉಗ್ರಾಣದ ಲೆಕ್ಕಕ್ಕೆ ಸೇರಿದ ವಸ್ತು ಎಂದ ಮೇಲೆ ಅದು ಬೆಲೆಯುಳ್ಳದ್ದು ಎಂದು ಊಹಿಸಬಹುದು. ಹಂಪಿಯೊಡನೆ ಹೆಸರು ಬೆಸೆದುಕೊಂಡಿರುವ ಪುರಂದರದಾಸರು ಹರಿನಾಮವನ್ನು ಕಲ್ಲುಸಕ್ಕರೆಗೆ ಹೋಲಿಸಿ ಹಾಡಿದ್ದು ನಿಮಗೆ ತಿಳಿದೇ ಇದೆ. ಅಗ್ಗವಾಗಿ ಸಿಗುವ ವಸ್ತುವನ್ನು ಯಾರೂ ದೇವರ ನಾಮಕ್ಕೆ ಹೋಲಿಸುವುದಿಲ್ಲ.

ಜನಸಾಮಾನ್ಯರ ಸಿಹಿ ಎಂದರೆ ಗಾಣದ ಬೆಲ್ಲ. ಅದೂ ದಿನನಿತ್ಯದ್ದಲ್ಲ. ಯುಗಾದಿಗೆ ಬೇವುಬೆಲ್ಲ, ಸಂಕ್ರಾಂತಿಗೆ ಎಳ್ಳು, ಹೋಳಿಹುಣ್ಣಿಮೆಗೆ ಹೋಳಿಗೆ. ಹಿಂದಿನವರು ಆರೋಗ್ಯಶಾಸ್ತ್ರವನ್ನು ಓದಿ ಸಿಹಿಗೆ ಮಿತಿ ಹಾಕಿಕೊಂಡಿದ್ದರೆಂದು ಇದರಿಂದ ತೀರ್ಮಾನಿಸಬೇಡಿ. ಮಿತಿಯನ್ನು ಹಾಕಿದ್ದು ಬೆಲೆ ಮತ್ತು ಬಡತನ.

ಆ ಮಿತಿ ಕಳಚಿದ್ದು ಹೇಗೆ?

1912ರಲ್ಲಿ ಕೊಯಮತ್ತೂರಿನಲ್ಲಿ ಕಬ್ಬು ತಳಿ ಸಂಶೋಧನಾ ಕೇಂದ್ರ ಆರಂಭವಾಯಿತು. 1932ರಲ್ಲಿ ಬ್ರಿಟಿಷ್ ಸರ್ಕಾರ ದೇಶದ ಸಕ್ಕರೆ ಉದ್ಯಮಕ್ಕೆ ರಕ್ಷಣೆ ನೀಡುವ ಕಾಯ್ದೆಯನ್ನು ತಂದಿತು. ಹೊರಗಿನ ಸಕ್ಕರೆಗೆ ಹೆಚ್ಚಿನ ಸುಂಕ ಬಿದ್ದಿತು. ಕೆಲವೇ ವರ್ಷಗಳಲ್ಲಿ ದೇಶದ ಕಾರ್ಖಾನೆಗಳ ಸಂಖ್ಯೆ ಸುಮಾರು ನಾಲ್ಕು ಪಟ್ಟಾಯಿತು. ಮಂಡ್ಯದ ಕಾರ್ಖಾನೆ ಹುಟ್ಟಿದ್ದು ಈ ಅಲೆಯಲ್ಲಿ. ಹೊಸಪೇಟೆಯ ಇಂಡಿಯಾ ಶುಗರ್ಸ್ ಅಂಡ್ ರಿಫೈನರೀಸ್ ಕಾರ್ಖಾನೆಯೂ ಅದೇ ದಶಕದ್ದು.

ಇನ್ನು 1953. ಈ ವರ್ಷವನ್ನು ನೆನಪಿಟ್ಟುಕೊಳ್ಳಿ. 1945ರಲ್ಲಿ ಶಂಕುಸ್ಥಾಪನೆಯಾಗಿದ್ದ ತುಂಗಭದ್ರಾ ಅಣೆಕಟ್ಟೆಯಿಂದ ಕಾಲುವೆಗಳಿಗೆ ನೀರು ಹರಿದದ್ದು 1953ರಲ್ಲಿ. ಮದರಾಸು ಪ್ರಾಂತದಲ್ಲಿದ್ದ ಬಳ್ಳಾರಿ ಸೀಮೆಯ ಬಹುಭಾಗ ಮೈಸೂರು ರಾಜ್ಯಕ್ಕೆ ಸೇರಿದ್ದು ಅದೇ ವರ್ಷದ ಅಕ್ಟೋಬರ್ 1ರಂದು. ಅದಕ್ಕೆ ಕೆಲವೇ ದಿನಗಳ ಮೊದಲು, ಸೆಪ್ಟೆಂಬರಿನಲ್ಲಿ, ದೂರದ ಬ್ರಿಟನ್ನಿನಲ್ಲಿ ಯುದ್ಧಕಾಲದಿಂದ ಜಾರಿಯಲ್ಲಿದ್ದ ಸಕ್ಕರೆ ಪಡಿತರ ಕೊನೆಗೊಂಡಿತು. ಈ ಕೊನೆಯ ಘಟನೆಗೆ ಮತ್ತೆ ಬರೋಣ.

ನೀರು ಬಂತು, ಕಬ್ಬು ಹೆಚ್ಚಿತು. ಪಡಿತರ ಚೀಟಿಯಲ್ಲಿ ಅಕ್ಕಿ, ಸೀಮೆಎಣ್ಣೆಯೊಡನೆ ಸಕ್ಕರೆಯೂ ಸೇರಿತು. ಚಹಾ, ಬಿಸ್ಕತ್ತು, ಬನ್ನು, ಬಾಟಲಿಯ ಪಾನೀಯ ಒಂದರ ಹಿಂದೊಂದು ಬಂದವು. ಹಬ್ಬದ ಸಿಹಿ ಎರಡು ತಲೆಮಾರಿನೊಳಗೆ ದಿನದ ಸಿಹಿಯಾಯಿತು.

ಮಕ್ಕಳ ತಟ್ಟೆಯ ಕಾನೂನು

ಇದೇ ಕಾಲದಲ್ಲಿ ದುಡಿಯುವ ತಾಯಂದಿರ ಮಕ್ಕಳನ್ನು ಹಗಲು ಹೊತ್ತು ನೋಡಿಕೊಳ್ಳುವ ಹೊಣೆ ಕಾನೂನಿನೊಳಗೆ ಬಂತು. 1948ರ ಕಾರ್ಖಾನೆ ಕಾಯ್ದೆಯು ಶಿಶುವಿಹಾರಗಳಿಗೆ ಅವಕಾಶ ಕಲ್ಪಿಸಿ, ಮಕ್ಕಳಿಗೆ ಉಚಿತ ಹಾಲು ಅಥವಾ ತಿಂಡಿ ಕೊಡಿಸಲು ನಿಯಮ ಮಾಡಬಹುದೆಂದಿತು. ಗಣಿಗಳಿಗಾಗಿ 1966ರಲ್ಲಿ ಪ್ರತ್ಯೇಕ ಶಿಶುವಿಹಾರ ನಿಯಮಗಳು ಬಂದವು. ಕಬ್ಬಿಣ, ಮ್ಯಾಂಗನೀಸ್ ಅದಿರಿನ ಸಂಡೂರಿನಂಥ ಕಡೆ ಇವುಗಳ ಮಹತ್ವ ಎಷ್ಟೆಂದು ಹೇಳಬೇಕಾಗಿಲ್ಲ.

1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾಯಿತು. ನಮ್ಮ ರಾಜ್ಯದಲ್ಲಿ ಮೊದಲ ಕೇಂದ್ರ ಟಿ. ನರಸೀಪುರ. ಅಂಗನವಾಡಿಗಳು ಹುಟ್ಟಿದ್ದು ಹೀಗೆ. ಮಗುವೊಂದಕ್ಕೆ ದಿನಕ್ಕೆ 300 ಕ್ಯಾಲೊರಿ, 8ರಿಂದ 10 ಗ್ರಾಂ ಪ್ರೋಟೀನು ಎಂದು ಗೊತ್ತುಪಡಿಸಲಾಯಿತು. 2009ರಲ್ಲಿ ಇದು 500 ಕ್ಯಾಲೊರಿ, 12ರಿಂದ 15 ಗ್ರಾಂ ಪ್ರೋಟೀನಿಗೆ ಏರಿತು. 2013ರ ಆಗಸ್ಟ್ 1ರಿಂದ ಕ್ಷೀರಭಾಗ್ಯದ ಹಾಲು ಬಂತು. 2023ರಲ್ಲಿ, ಉದ್ಯೋಗ ಖಾತರಿ ಕೆಲಸಕ್ಕೆ ಹೋಗುವ ತಾಯಂದಿರಿಗಾಗಿ, ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ಎಂಬ ಕೇಂದ್ರಗಳು ಆರಂಭವಾದವು.

1975ರ ಮತ್ತು 2009ರ ಆ ಅಳತೆಗಳನ್ನು ಇನ್ನೊಮ್ಮೆ ನೋಡಿ. ಕ್ಯಾಲೊರಿ ಉಂಟು, ಪ್ರೋಟೀನು ಉಂಟು; ಆ ಕ್ಯಾಲೊರಿಯಲ್ಲಿ ಸಕ್ಕರೆಯ ಪಾಲು ಎಷ್ಟಿರಬಹುದೆಂಬ ಮಾತಿಲ್ಲ. ಇದನ್ನು ತಪ್ಪೆಂದು ಹಳಿಯುವುದು ನ್ಯಾಯವಲ್ಲ. ಅಂದಿನ ಶತ್ರು ಹಸಿವು. ಹಸಿದ ಮಗುವಿಗೆ ಕಡಿಮೆ ಖರ್ಚಿನಲ್ಲಿ ಶಕ್ತಿ ಕೊಡುವ, ಮಗು ಬೇಡವೆನ್ನದೆ ತಿನ್ನುವ ಪದಾರ್ಥ ಸಕ್ಕರೆ. ಹಸಿವು ಇಂದಿಗೂ ಪೂರ್ತಿ ಹೋಗಿಲ್ಲ. ಆದರೆ ಅದರ ಜೊತೆಗೆ ಇನ್ನೊಂದು ಕಷ್ಟ ಬಂದು ಸೇರಿಕೊಂಡಿದೆ.

ವಿಜ್ಞಾನ ಹೇಳುವುದೇನು?

ಮೊದಲು ಹಲ್ಲು. ಬಾಯಿಯ ಸೂಕ್ಷ್ಮಜೀವಿಗಳು ಸಕ್ಕರೆಯನ್ನು ಆಮ್ಲವಾಗಿ ಮಾರ್ಪಡಿಸುತ್ತವೆ. ಆಮ್ಲವು ಹಲ್ಲಿನ ಹೊರಪದರವನ್ನು ಕರಗಿಸುತ್ತದೆ. ಇದನ್ನು ಸ್ಪಷ್ಟವಾಗಿ ತೋರಿಸಿದ್ದು ಸ್ವೀಡನ್ನಿನ ವಿಪೆಹೋಮ್ ಎಂಬ ಸಂಸ್ಥೆಯ ಪ್ರಯೋಗ; ಫಲಿತಾಂಶ ಪ್ರಕಟವಾದದ್ದು 1954ರಲ್ಲಿ. ಎಷ್ಟು ಸಕ್ಕರೆ ಎಂಬುದಕ್ಕಿಂತ ಎಷ್ಟು ಸಲ, ಅದು ಹಲ್ಲಿಗೆ ಎಷ್ಟು ಹೊತ್ತು ಅಂಟಿಕೊಂಡಿರುತ್ತದೆ ಎಂಬುದೇ ಹೆಚ್ಚು ಮುಖ್ಯವೆಂದು ತಿಳಿಯಿತು. ಊಟಗಳ ನಡುವೆ ಮತ್ತೆ ಮತ್ತೆ ಕೊಡುವ ಮಿಠಾಯಿ ಎಲ್ಲಕ್ಕಿಂತ ಕೆಟ್ಟದ್ದು. ಆದರೆ ಆ ಪ್ರಯೋಗ ನಡೆದದ್ದು ಬುದ್ಧಿಮಾಂದ್ಯರೆಂದು ಅಲ್ಲಿ ಇರಿಸಲಾಗಿದ್ದವರ ಮೇಲೆ, ಅವರ ಒಪ್ಪಿಗೆಯಿಲ್ಲದೆ. ಬೇಡ ಎನ್ನಲಾರದವರ ಬಾಯಿಗೆ ಬೇರೆಯವರು ಸಿಹಿ ಹಾಕಿದರು. ಶಿಶುವಿಹಾರದಲ್ಲಿ ಯಾರೂ ಪ್ರಯೋಗ ನಡೆಸುತ್ತಿಲ್ಲ, ನಿಜ. ಆದರೂ ಅಲ್ಲಿಯ ಮಗುವಿಗೂ ಆಯ್ಕೆಯಿಲ್ಲ ಎಂಬುದನ್ನು ಮರೆಯಬಾರದು.

ಎರಡನೆಯದು ಮಧುಮೇಹ. ಬ್ರಿಟನ್ನಿನ ಪಡಿತರದ ವಿಷಯ ಹೇಳಿದೆನಲ್ಲ? 2024ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದು, ಪಡಿತರ ಮುಗಿಯುವ ಮೊದಲು ಮತ್ತು ನಂತರ ಹುಟ್ಟಿದವರ ಆರೋಗ್ಯವನ್ನು ಹೋಲಿಸಿ ನೋಡಿತು. ತಾಯಿಯ ಗರ್ಭದಲ್ಲಿದ್ದಾಗಲೂ ಮೊದಲ ಎರಡು ವರ್ಷಗಳಲ್ಲೂ ಸಕ್ಕರೆ ಮಿತವಾಗಿ ದೊರೆತವರಲ್ಲಿ, ದೊಡ್ಡವರಾದ ಮೇಲೆ ಎರಡನೆಯ ವಿಧದ ಮಧುಮೇಹದ ಸಂಭವ ಸುಮಾರು ಶೇ. 35ರಷ್ಟು, ರಕ್ತದ ಒತ್ತಡದ ಸಂಭವ ಸುಮಾರು ಶೇ. 20ರಷ್ಟು ಕಡಿಮೆಯಿತ್ತು. ಬ್ರಿಟನ್ನಿನ ಅಂಕಿಗಳನ್ನು ಕಂಪ್ಲಿಗೆ ಹಾಗೆಯೇ ಅನ್ವಯಿಸಲಾಗದು. ಆದರೆ ಎಳವೆಯ ಸಿಹಿ ಎಳವೆಯಲ್ಲೇ ಮುಗಿಯುವುದಿಲ್ಲ ಎಂಬ ಪಾಠ ಎಲ್ಲರಿಗೂ ಒಂದೇ.

ಚಮಚದ ಲೆಕ್ಕ

ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ, ದಿನದ ಶಕ್ತಿಯಲ್ಲಿ ಸಕ್ಕರೆಯ ಪಾಲು ಶೇ. 10ನ್ನು ಮೀರಬಾರದು, ಶೇ. 5ಕ್ಕೆ ಇಳಿಸಿದರೆ ಇನ್ನೂ ಒಳ್ಳೆಯದು ಎಂದಿತು. ಎರಡು ವರ್ಷದೊಳಗಿನ ಮಕ್ಕಳ ಆಹಾರಕ್ಕೆ ಸಕ್ಕರೆ ಬೆರೆಸಬಾರದೆಂಬುದು ಇಂದಿನ ವೈದ್ಯರ ಸಲಹೆ.

ಈಗ ನೀವೇ ಲೆಕ್ಕ ಹಾಕಿ. ಐದು ವರ್ಷದ ಮಗುವಿಗೆ ದಿನಕ್ಕೆ ಸುಮಾರು 1300 ಕ್ಯಾಲೊರಿ ಬೇಕು. ಅದರ ಶೇ. 5 ಎಂದರೆ 65 ಕ್ಯಾಲೊರಿ. ಗ್ರಾಂ ಸಕ್ಕರೆಗೆ 4 ಕ್ಯಾಲೊರಿ. ಆದ್ದರಿಂದ 16 ಗ್ರಾಂ, ಅಂದರೆ ಸುಮಾರು ಮೂರು ಚಹಾ ಚಮಚ. ಹಾಲಿಗೆ ಎರಡು ಚಮಚ ಹಾಕಿದರೆ ಉಳಿದದ್ದು ಒಂದೇ. 200 ಮಿಲಿಲೀಟರಿನ ಒಂದು ಬಾಟಲಿ ತಂಪು ಪಾನೀಯದಲ್ಲಿ ನಾಲ್ಕು ಚಮಚದಷ್ಟು ಸಕ್ಕರೆ ಇರುತ್ತದೆ. ಬೆಲ್ಲಕ್ಕೆ ಬದಲಾಯಿಸಿದರೆ ಆಯಿತೆಂದು ಭಾವಿಸಬೇಡಿ. ಬೆಲ್ಲದಲ್ಲಿ ಸ್ವಲ್ಪ ಖನಿಜಾಂಶ ಉಂಟು, ಆದರೆ ಬಹುಪಾಲು ಅದೂ ಸಕ್ಕರೆಯೇ.

ಸಕ್ಕರೆ ತೆಗೆದಷ್ಟು ಶಕ್ತಿಯನ್ನು ಬೇರೆ ಆಹಾರದಿಂದ ತುಂಬಲೇಬೇಕು. ಇಲ್ಲವಾದರೆ ಹಸಿದ ಮಗುವಿಗೆ ಅನ್ಯಾಯವಾಗುತ್ತದೆ. ಎರಡು ಚಮಚ ಸಕ್ಕರೆಯ 40 ಕ್ಯಾಲೊರಿಯನ್ನು 7 ಗ್ರಾಂ ಶೇಂಗಾ ಕೊಡುತ್ತದೆ, ಜೊತೆಗೆ ಸುಮಾರು 2 ಗ್ರಾಂ ಪ್ರೋಟೀನು. ಎಳೆಯ ಮಕ್ಕಳಿಗೆ ಇಡೀ ಕಾಳು ಗಂಟಲಲ್ಲಿ ಸಿಕ್ಕಿಕೊಳ್ಳಬಹುದು, ಪುಡಿ ಮಾಡಿಯೇ ಕೊಡಬೇಕು. ಬೇಯಿಸಿದ ಮೊಟ್ಟೆ, ಹೆಸರುಕಾಳಿನ ಉಸುಳಿ, ಹಂಪಿಯ ಸುತ್ತ ಬೆಳೆಯುವ ಬಾಳೆಹಣ್ಣು ಕೈಗೆಟುಕುವಂಥವೇ. ಹಾಲಿನ ಸಕ್ಕರೆಯನ್ನು ವಾರಕ್ಕಿಷ್ಟೆಂದು ಇಳಿಸಿದರೆ ಮಗುವಿನ ನಾಲಿಗೆ ಹೊಂದಿಕೊಳ್ಳುತ್ತದೆ.

ಸಕ್ಕರೆ ಕಡಿಮೆಯಾದರೆ ಕಬ್ಬು ಬೆಳೆಗಾರನ ಗತಿಯೇನೆಂದು ಈ ಸೀಮೆಯವರು ಕೇಳಬಹುದು. ಹೊಸಪೇಟೆಯ ಕಾರ್ಖಾನೆ 2010ರ ದಶಕದಲ್ಲಿ ಬಾಗಿಲು ಮುಚ್ಚಿತು. ರೈತರು ಕಬ್ಬನ್ನು ದೂರ ಸಾಗಿಸಬೇಕಾಯಿತು. ದೇಶದಲ್ಲಿ ಸಕ್ಕರೆ ತಿನ್ನುವುದು ಆಗ ಕಡಿಮೆಯಾಗಿರಲಿಲ್ಲ. ರೈತನ ಕಷ್ಟಕ್ಕೆ ಪರಿಹಾರ ಕಾರ್ಖಾನೆಯಲ್ಲಿ, ಬೆಲೆಯಲ್ಲಿ ಇದೆ. ಮಗುವಿನ ಲೋಟದಲ್ಲಿ ಇಲ್ಲ.

2025ರ ಮೇ ತಿಂಗಳಲ್ಲಿ ಕೇಂದ್ರೀಯ ಪ್ರೌಢ ಶಿಕ್ಷಣ ಮಂಡಳಿಯು ತನ್ನ ಶಾಲೆಗಳಲ್ಲಿ ಸಕ್ಕರೆಯ ಪ್ರಮಾಣ ತಿಳಿಸುವ ಫಲಕ ಹಾಕಬೇಕೆಂದು ಸೂಚಿಸಿತು. ಮೂರು ವರ್ಷದ ಮಗು ಫಲಕ ಓದಲಾರದು. ಅದರ ಪರವಾಗಿ ದೊಡ್ಡವರು ಓದಬೇಕು. ನಿಮ್ಮ ಓಣಿಯ ಅಂಗನವಾಡಿಗೆ ಒಮ್ಮೆ ಹೋಗಿ, ಅಲ್ಲಿನ ಕಾರ್ಯಕರ್ತೆಯ ಅನುಮತಿ ಪಡೆದು, ಒಂದು ವಾರ ಮಗುವೊಂದಕ್ಕೆ ದಿನಕ್ಕೆ ಎಷ್ಟು ಚಮಚ ಸಕ್ಕರೆ, ಎಷ್ಟು ಬೆಲ್ಲ ಸೇರುತ್ತದೆಂದು ಬರೆದಿಡಿ. ಮೇಲಿನ ಮೂರು ಚಮಚದೊಡನೆ ಹೋಲಿಸಿ, ಕಂಡದ್ದನ್ನು ಅವರಿಗೂ ಮಕ್ಕಳ ತಾಯಂದಿರಿಗೂ ತಿಳಿಸಿ.